ಲಾಟೀನು ಕಾರ್ಖಾನೆಗೆ ಪೆಟ್ಟಿಗೆ ಮಾಡುತ್ತಿದ್ದ ಕಾಲ

ಒಬ್ಬನೇ ಗಿರಾಕಿಯನ್ನು ನಂಬಿ ಅಂಗಡಿ ನಡೆಸುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ನೋಡುವವರಿಗೆ ಆಗಲೇ ನಗು ಬರುತ್ತದೆ. ನಮಗೆ ವಯಸ್ಸಾದ ಮೇಲೆ. ಐವತ್ತರ ದಶಕದಲ್ಲಿ ನಾಯಂಡಹಳ್ಳಿಯಲ್ಲಿ ನನ್ನದೊಂದು ಮರಗೆಲಸದ ಶೆಡ್ಡಿತ್ತು. ಒಂದು ಲಾಟೀನು ಕಾರ್ಖಾನೆಗೆ ಮಾಲು ತುಂಬುವ ಮರದ ಪೆಟ್ಟಿಗೆ ಮಾಡಿಕೊಡುತ್ತಿದ್ದೆ. ಬೇರೆ ಗಿರಾಕಿ ಇರಲಿಲ್ಲ. ಬೇಕು ಅಂತಲೂ ಅನ್ನಿಸಿರಲಿಲ್ಲ.

ನೆಗಡಿ

ಆರ್ಡರ್ ಕೊಡುತ್ತಿದ್ದವರು ಕಾರ್ಖಾನೆಯ ಮ್ಯಾನೇಜರು. ಒಮ್ಮೆ ಅವರು ನೆಗಡಿಯಾಗಿ ಮಲಗಿದರು. ಆರ್ಡರೂ ಮಲಗಿತು. ನನ್ನ ಹೆಂಡತಿ ದೇವಸ್ಥಾನಕ್ಕೆ ಹೋಗಿ ಅವರ ಹೆಸರಿನಲ್ಲಿ ಅರ್ಚನೆ ಮಾಡಿಸಿದಳು. ಅವರ ಗೋತ್ರ, ನಕ್ಷತ್ರ ಎಲ್ಲ ಬಾಯಿಪಾಠ. ಹಾಗೇ ನಿಮ್ಮ ಯಜಮಾನರ ಹೆಸರಲ್ಲೂ ಮಾಡಲಾ ಅಂತ ಅರ್ಚಕರು ಕೇಳಿದರಂತೆ.

"ನಮ್ಮನೆಯವರದು ಆಮೇಲೆ ನೋಡೋಣ ಸ್ವಾಮಿ. ಮೊದಲು ಇವರು ಎದ್ದೇಳಲಿ" ಅಂದಳಂತೆ.

ಸೀಬೆಹಣ್ಣು

ಹೆಗ್ಗನಹಳ್ಳಿ ಕಡೆಯ ಒಬ್ಬ ಗೌಡರು ಸೀಬೆಹಣ್ಣು ತುಂಬಲು ಪೆಟ್ಟಿಗೆ ಬೇಕು ಅಂತ ಬಂದರು. ನಾವು ಲಾಟೀನು ಪೆಟ್ಟಿಗೆ ಬಿಟ್ಟು ಬೇರೆ ಮಾಡುವುದಿಲ್ಲ ಅಂದೆ. ಅದರಲ್ಲೇ ಹಣ್ಣು ತುಂಬ್ಕೋತೀನಿ, ಕೊಡಿ ಅಂದರು. ಮ್ಯಾನೇಜರಿಗೆ ಗೊತ್ತಾದರೆ ಬೇಜಾರು ಮಾಡ್ಕೋತಾರೆ ಅಂದೆ.

ಗೌಡರು ಟವೆಲ್ ಕೊಡವಿ ಎದ್ದರು. "ನಿಮಗೂ ಅವರಿಗೂ ಮದುವೆ ಆಗಿರೋದು ನಂಗೆ ಗೊತ್ತಿರಲಿಲ್ಲ ಬಿಡಿ."

ಆಯುಧಪೂಜೆ

ಮ್ಯಾನೇಜರೇ ಬಂದು ಮಂಗಳಾರತಿ ಎತ್ತಬೇಕು ಅಂತ ಕರೆದಿದ್ದೆ. ಗರಗಸ, ಉಳಿ, ಸುತ್ತಿಗೆಗೆಲ್ಲ ಕುಂಕುಮ ಹಚ್ಚಿ ಹೂವಿಟ್ಟು ಕಾದೆವು. ಬರಲಿಲ್ಲ. ಊರಿಗೆ ಹೋಗಿದ್ದರಂತೆ. ಅವರು ಬರದೆ ಪೂಜೆ ಮುಗಿಯುವುದಿಲ್ಲ; ಪೂಜೆ ಮುಗಿಯದೆ ಆಯುಧ ಮುಟ್ಟುವ ಹಾಗಿಲ್ಲ. ಹೂ ಬಾಡಿ ಒಣಗಿತು. ಶೆಡ್ಡಿನಲ್ಲಿ ಎಲ್ಲರೂ ಬೀಡಿ ಸೇದುತ್ತಾ ಕೂತರು.

ಕೊನೆಗೆ ಮ್ಯಾನೇಜರು ಬಂದರು, ಕೆಂಡವಾಗಿ. ದೀಪಾವಳಿಗೆ ಹೋಗಬೇಕಾದ ಮಾಲು ನೆಲದ ಮೇಲೆ ಬಿದ್ದಿದೆ, ಪೆಟ್ಟಿಗೆ ಎಲ್ಲಿ ಅಂತ ಕೂಗಾಡಿದರು. ನಮ್ಮ ಮೇಸ್ತ್ರಿ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಅವರ ಕೈಗೆ ಕೊಟ್ಟ. "ಕೆಲಸ ನಿಲ್ಲಿಸಿರೋದು ತಾವೇ ಬುದ್ಧಿ. ಬೆಳಗಿ."

ಬೈಯುತ್ತಲೇ ಬೆಳಗಿದರು.

ಕರೆಂಟು

ಬೀದಿ ಬೀದಿಗೆ ಕರೆಂಟು ಬರತೊಡಗಿತು. ಜನ ಸಿಹಿ ಹಂಚಿದರು. ನಾವು ಸೂತಕದವರ ಹಾಗೆ ಕೂತೆವು. ಲಾಟೀನು ಆರ್ಡರ್ ಇಳಿದು ಇಳಿದು ನಿಂತೇ ಹೋಯಿತು. ಇನ್ನು ಶೆಡ್ಡಿಗೆ ಬೀಗ ಹಾಕುವುದೊಂದೇ ಬಾಕಿ.

ಒಂದು ಸಂಜೆ ಸೈಕಲ್ ಹ್ಯಾಂಡಲಿಗೆ ಲಾಟೀನು ಕಟ್ಟಿಕೊಂಡು ರಾಜಾಜಿನಗರಕ್ಕೆ, ಕಾರ್ಖಾನೆ ಮಾಲೀಕರ ಹೊಸ ಬಂಗಲೆಗೆ ಹೋದೆ. ಕೋಣೆ ಕೋಣೆಗೂ ಬಲ್ಬು. ಲಾಟೀನು ಇನ್ಯಾರಿಗೆ ಬೇಕು ಅಂದರು. ಅವರೂ ಬಲ್ಬಿನ ಹೋಲ್ಡರ್ ಮಾಡುವವರಿದ್ದರು. ಅದಕ್ಕೆ ರಟ್ಟಿನ ಡಬ್ಬ ಸಾಕಂತೆ.

ಅಷ್ಟರಲ್ಲಿ ಕರೆಂಟು ಹೋಯಿತು. ಒಳಗೆ ಏನೋ ಬಿದ್ದು ಒಡೆಯಿತು. ಲಾಟೀನು ಮಾಡುವವರ ಮನೆಯಲ್ಲಿ ಒಂದು ಲಾಟೀನಿಲ್ಲ. ನಾನು ಹೊರಗೆ ಬಂದು ನನ್ನದನ್ನು ಹಚ್ಚಿದೆ. ಮಾಲೀಕರು ತಡಕಾಡುತ್ತಾ ಹಿಂದೆಯೇ ಬಂದರು. ಇದನ್ನು ಇಲ್ಲೇ ಬಿಟ್ಟು ಹೋಗಿ ಅಂದರು.

"ಪೆಟ್ಟಿಗೆ ಇಲ್ಲದೆ ಲಾಟೀನು ಯಾರಿಗೂ ಕೊಡಬಾರದು ಅಂತ ನಿಮ್ಮ ಕಾರ್ಖಾನೇದೇ ಕಾನೂನು ಸ್ವಾಮಿ. ಮೊದಲು ಆರ್ಡರ್ ಕೊಡಿ" ಅಂದೆ.

ಕೊಟ್ಟರು. ಒಂದು ಪೆಟ್ಟಿಗೆಗೆ.