ಗದ್ದ ನೋಡುವ ಮಾವ

ನಮ್ಮ ಸೋದರಮಾವನಿಗೆ ನೆಂಟರೆಂದರೆ ಪ್ರಾಣ. ತೊಡಕೇನೆಂದರೆ, ಆ ನೆಂಟರೆಲ್ಲ ಸತ್ತು ಸಾವಿರಾರು ವರ್ಷಗಳಾಗಿದ್ದವು! ಬದುಕಿದ್ದವರ ಪೈಕಿ ಚಿಂಪಾಂಜಿಗೆ ಮೊದಲ ಮಣೆ. ನಮ್ಮ ಸರದಿ ಏನಿದ್ದರೂ ಆಮೇಲೆ.

ಪಾಂಡವಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು, ನಿವೃತ್ತರಾದ ಮೇಲೂ ಅಲ್ಲೇ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ಯಾರು ಎದುರಾದರೂ ಅವರ ಕಣ್ಣು ಮೊದಲು ಹೋಗುತ್ತಿದ್ದುದು ಗದ್ದಕ್ಕೆ.

"ಗದ್ದ ಇರೋದು ನಮ್ಗೆ ಮಾತ್ರ ಕಣ್ಲಾ. ಗೊರಿಲ್ಲಾಗಿಲ್ಲ, ಚಿಂಪಾಂಜಿಗಿಲ್ಲ. ಹಿಂದ್ಯಾವತ್ತೋ ಅಳ್ದೋದ ನಮ್ಮ ದಾಯಾದಿ ನಿಯಾಂಡರ್ತಲ್ ಮನುಷ್ಯ ಇದ್ನಲ್ಲ, ಅವನ್ಗೂ ಇರ್ನಿಲ್ಲ!"

"ನಮ್ಗ್ಯಾಕೈತೆ ಮಾವ?"

"ಅದ್ ಯಾರ್ಗೂ ಗೊತ್ತಿಲ್ಲ!"

ಇಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ತೊಂಬತ್ತೈದರಲ್ಲಿ ಕ್ಯಾತನಹಳ್ಳಿಯ ನಮ್ಮ ಮನೆಗೆ ಅಕ್ಕನನ್ನು ನೋಡಲು ನಾಗಮಂಗಲದ ಕಡೆಯ ಗಂಡಿನವರು ಬಂದರು. ಹುಡುಗನ ತಂದೆ ಕೇಸರಿಬಾತು ತಿನ್ನುತ್ತಿದ್ದರು. ಮಾವ ಅವರನ್ನು ಎಡದಿಂದ ನೋಡಿದರು, ಬಲದಿಂದ ನೋಡಿದರು, ಬಗ್ಗಿಯೂ ನೋಡಿದರು.

"ಯಜಮಾನ್ರೇ, ನಿಮ್ಗೆ ಗದ್ದವೇ ಇಲ್ವಲ್ಲ! ಹುಬ್ಬಿನ್ ಮೂಳೆ ಬೇರೆ ನಿಯಾಂಡರ್ತಲ್ನಂಗೆ ಮುಂದುಕ್ ಬಂದದೆ. ಬೋ ಅಪ್ರೂಪದ ವಂಶ ನಿಮ್ದು!"

ಮಾವ ಹೊಗಳಿದ್ದು! ಕೇಳಿದವರಿಗೆ ಹಾಗನ್ನಿಸೀತೇ?

"ನಮ್ಮನ್ನ ಕೋತಿ ಅಂದ್ಬುಟ್ರಾ?" ಎನ್ನುತ್ತ ಅವರು ಎದ್ದರು.

"ಕೋತಿ ಅಲ್ಲ ಸ್ವಾಮಿ, ಮನುಷ್ರೇ. ಆದ್ರೆ ನಿರ್ವಂಶ ಆಗೋದೋರು!" ಎಂದು ಮಾವ ಸಮಾಧಾನ ಹೇಳಿದರು.

ಹೆಣ್ಣು ನೋಡಲು ಬಂದವರಿಗೆ ಹೇಳುವ ಮಾತೇ ಇದು? ತಟ್ಟೆಯ ಕೇಸರಿಬಾತು ತಟ್ಟೆಯಲ್ಲೇ ಉಳಿಯಿತು.

ಮುಂದಿನ ವರ್ಷ ಅಕ್ಕನಿಗೆ ಕೆ.ಆರ್. ಪೇಟೆಯಲ್ಲಿ ಸಂಬಂಧ ಕುದುರಿತು. "ಈ ಸಲ ಅಣ್ಣ ಬ್ಯಾಡ ಕಣಪ್ಪ" ಎಂದು ಅಮ್ಮ ಅಳುತ್ತಲೇ ಹೇಳಿದಳು. ಕೈಯಲ್ಲಿ ಕೊಟ್ಟು ಕರೆಯಬೇಕಾದ ಲಗ್ನಪತ್ರಿಕೆಯನ್ನು, ಮದುವೆ ಮುಗಿದ ಮೇಲೆ ತಲುಪುವಂತೆ ಅಂಚೆಗೆ ಹಾಕಿದೆವು. ಹುಡುಗಿಯನ್ನು ಕೈಹಿಡಿದು ಹಸೆಮಣೆಗೆ ಕರೆತರಬೇಕಾದವನು ಸೋದರಮಾವ. ಆ ಜಾಗದಲ್ಲಿ ಅಮ್ಮನ ದೊಡ್ಡಪ್ಪನ ಮಗ ನಿಂತರು.

ಯುಗಾದಿಗೆ ಅಮ್ಮ ನನ್ನ ಕೈಯಲ್ಲಿ ಒಬ್ಬಟ್ಟು ಕಳಿಸಿದಳು. ಮಾವ ಹಿತ್ತಲಿನ ಕಲ್ಲಿನ ಮೇಲೆ ಟವೆಲು ಸುತ್ತಿಕೊಂಡು ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಬಯ್ಯುತ್ತಾರೆಂದು ಹೆದರಿದ್ದೆ. ಬಯ್ಯಲಿಲ್ಲ, ಪಾಠ ಶುರುಮಾಡಿದರು.

"ಕೋತಿಗಳು ಒಂದರ ಬೆನ್ನ ಇನ್ನೊಂದು ಕೆದಕ್ತಾ ಕೂತಿರ್ತವಲ್ಲ, ಬರೀ ಹೇನಿಗಲ್ಲ ಕಣ್ಲಾ. ಜೊತೆಗಿದ್ದೀನಿ ಅನ್ನೋಕೆ. ಮನುಷ್ಯ ಚಂದ್ರನ್ ಮ್ಯಾಲೆ ಕಾಲಿಟ್ಟ, ಅವನ್ ಬೆನ್ನು ಅವನ್ಗೇ ಎಟುಕಾಕಿಲ್ಲ!"

ನಗುತ್ತ ಆ ಕಡೆ ತಿರುಗಿದರು. ತೋಳು, ಎದೆ, ಹೆಗಲೆಲ್ಲ ಎಣ್ಣೆ ಮಿನುಗುತ್ತಿತ್ತು. ಬೆನ್ನಿನ ನಡುವೆ ಮಾತ್ರ ಎರಡು ಅಂಗೈಯಗಲ ಒಣಗಿತ್ತು. ನನಗೆ ತುಂಬಾ ನಾಚಿಕೆಯಾಯಿತು. ಎಣ್ಣೆ ಬಟ್ಟಲು ತೆಗೆದುಕೊಂಡೆ.

"ಬುಡ್ಲಾ, ನಿಂಗೆ ಬಸ್ಸಿಗೆ ಹೊತ್ತಾಯ್ತದೆ" ಎಂದರು. ಆದರೆ ಬೆನ್ನು ಬಗ್ಗಿಸಿ ಕೊಟ್ಟರು. ಆಮೇಲೆ ಮೆಲ್ಲಗೆ ಕೇಳಿದರು: "ಕೂಸ್ನ ಹಸೆಗೆ ಯಾರ್ಲಾ ಕರ್ಕಬಂದೋರು?"

ನಾನು ಎಣ್ಣೆ ತಿಕ್ಕುತ್ತಲೇ ಹೇಳಿದೆ: "ಯಾರೂ ಇಲ್ಲ ಮಾವ. ಒಬ್ಳೇ ನಡ್ಕೊಂಡ್ ಬಂದ್ಲು."