ಗಣಿತದ ಟೈಲರಕ್ಕ

ಮನೆಮನೆಗೆ ಹೋಗಿ ಗಣಿತ ಹೇಳಿಕೊಡುವವಳಿಗೆ ನಗುವುದಕ್ಕೆ ಬೇರೆ ಏನೂ ಬೇಡ. ಸ್ಕೂಟರು ಅಂಗಳಕ್ಕೆ ತಿರುಗಿದರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ. ಕಾರಡ್ಕ, ಕುಂಬ್ಡಾಜೆ ಕಡೆಯ ಗುಡ್ಡ ಹತ್ತಿಳಿದು ಎಷ್ಟೋ ಮನೆಗಳಲ್ಲಿ ಕಲಿಸಿದ್ದೇನೆ. ಆದರೆ ಹೋದ ವರ್ಷದ ಆ ಒಂದು ಮನೆ! ನೆನಪಾದರೆ ಈಗಲೂ ಸ್ಕೂಟರು ಬದಿಗೆ ನಿಲ್ಲಿಸಿ ನಕ್ಕು ಮುಂದೆ ಹೋಗುತ್ತೇನೆ.

ಆ ಮನೆಯ ಹುಡುಗಿ ಹತ್ತನೇ ಕ್ಲಾಸು. ಪ್ಲಸ್ ವನ್‌ಗೆ ಅಂದರೆ ಹನ್ನೊಂದನೇ ಕ್ಲಾಸಿಗೆ ಹತ್ತಿರದ ಶಾಲೆಯಲ್ಲೇ ಸಯನ್ಸ್ ಸೀಟು ಸಿಗಬೇಕು ಎನ್ನುವುದೊಂದೇ ಅವಳ ಆಸೆ. ಉಳಿದ ವಿಷಯಗಳಲ್ಲೆಲ್ಲ ಎ ಪ್ಲಸ್, ಗಣಿತದಲ್ಲಿ ಮಾತ್ರ ಬಿ. ಹಾಗಾಗಿ ನನಗೆ ಕರೆ ಬಂತು.

ಕುತ್ತಿಗೆಗೆ ಟೇಪು

"ಟೀಚರ್, ಬರುವಾಗ ಗಣಿತದ ಪುಸ್ತಕ ಹೊರಗೆ ಕಾಣುವ ಹಾಗೆ ತರ್ಬೇಡಿ ಆಯ್ತಾ," ಎಂದರು ತಾಯಿ ಫೋನಿನಲ್ಲಿ.

"ಅದೆಂತ?"

"ಟ್ಯೂಷನ್ ಅಂದ್ರೆ ಹುಡುಗಿ ದಡ್ಡಿ ಅಂತ ಊರಿಡೀ ಹೇಳ್ತಾರೆ. ಆಚೆಮನೆಯವಳು ಕೇಳಿದ್ಲು, ನೀವು ಟೈಲರ್ ಅಂತ ಹೇಳಿ ಆಗಿದೆ."

ಹೋದ ಕೂಡಲೇ ನನ್ನ ಕುತ್ತಿಗೆಗೆ ಅಳತೆಯ ಟೇಪು ಹಾಕಿಯೇಬಿಟ್ಟರು. ಒಂದು ವಾರವೂ ಆಗಿಲ್ಲ, ಗೇಟಿನ ಹತ್ತಿರ ಆಚೆಮನೆಯಾಕೆ ಬ್ಲೌಸಿನ ಬಟ್ಟೆ ಹಿಡಿದು ಕಾಯುತ್ತಿದ್ದಾರೆ. "ಟೈಲರಕ್ಕ, ಮನೆಯಲ್ಲಿ ಮದುವೆ ಉಂಟು. ಬೇಗ ಹೊಲಿದು ಕೊಡ್ತೀರಾ?"

ನನಗೆ ಗುಂಡಿ ಹಚ್ಚಲಿಕ್ಕೂ ಬಾರದು. ಬೆವರುತ್ತ, "ಈಗ ಯಾರದ್ದೂ ತೆಗೊಳ್ಳುದಿಲ್ಲ, ಪುರುಸೊತ್ತಿಲ್ಲ," ಎಂದೆ.

ಆಕೆಯ ಮುಖ ಅರಳಿತು. "ಪುರುಸೊತ್ತಿಲ್ಲ ಅಂದ್ರೆ ಒಳ್ಳೆ ಟೈಲರೇ! ನಾನು ಕಾಯ್ತೇನೆ ಮಾರಾಯ್ರೆ."

ಬೊಬ್ಬೆ ಇಲ್ಲದ ಪಾಠ

ಹುಡುಗಿಯ ಅಜ್ಜಿ ಬಾಗಿಲ ಹೊರಗೆ ಹುಣಸೆಹಣ್ಣು ಬಿಡಿಸುತ್ತ ಕಿವಿಗೊಟ್ಟು ಕೂರುತ್ತಿದ್ದರು. ಗಣಿತದ ಟೀಚರ್ ಎಂದರೆ ಬೈಯಬೇಕು, ಹೊಡೆಯಬೇಕು ಎನ್ನುವುದು ಅವರ ಲೆಕ್ಕ.

"ಒಳಗೆ ಎಂತ ಸದ್ದೇ ಇಲ್ಲ? ಪೆಟ್ಟಿಲ್ಲದೆ ಲೆಕ್ಕ ತಲೆಗೆ ಹೋಗುದುಂಟಾ? ಈ ಟೀಚರ್ ಬೇಡ, ಬೇರೆಯವರನ್ನು ನೋಡುವ," ಎಂದು ಸೊಸೆಗೆ ಹೇಳಿದ್ದು ನಮಗೂ ಕೇಳಿಸಿತು.

ಹುಡುಗಿ ಕಣ್ಣು ಮಿಟುಕಿಸಿದಳು. ಅಂದಿನಿಂದ ನಾನು ಆಗಾಗ ಮೇಜಿಗೆ ಸ್ಕೇಲಿನಿಂದ ಪಟಾರೆಂದು ಹೊಡೆಯುವುದು, ಅವಳು "ಅಯ್ಯಮ್ಮಾ" ಎನ್ನುವುದು, ಇಬ್ಬರೂ ಬಾಯಿ ಮುಚ್ಚಿ ನಗುವುದು. ಅಜ್ಜಿಗೆ ಎಷ್ಟು ಖುಷಿಯೆಂದರೆ ನನಗೆ ದಿನಾ ಎಣ್ಣೆಯಲ್ಲಿ ಕರಿದ ಬಿಸಿಬಿಸಿ ಬಾಳೆಕಾಯಿ ಪೋಡಿ!

ಬೊಬ್ಬೆ ಕೇಳಿ ಆಚೆಮನೆಯಾಕೆ, "ಎಂತ ಆಗ್ತಾ ಉಂಟು?" ಎಂದು ವಿಚಾರಿಸಿದರಂತೆ. ತಾಯಿ, "ಅಳತೆ ತೆಗೆಯುವಾಗ ಹುಡುಗಿಗೆ ಕಚಗುಳಿ," ಎಂದರಂತೆ.

ಒಂದು ಸಂಜೆ ನಮ್ಮ ನಾಟಕ ಸ್ವಲ್ಪ ಹೆಚ್ಚೇ ಆಯಿತು. ಅಜ್ಜಿ ಹುಣಸೆ ಕೈಯಲ್ಲೇ ಒಳಗೆ ನುಗ್ಗಿ ಮೊಮ್ಮಗಳನ್ನು ತಬ್ಬಿಕೊಂಡರು. "ಸಾಕು ಟೀಚರ್, ಮಗುವನ್ನು ಕೊಲ್ಬೇಡಿ! ಬಿ ಆದ್ರೂ ಸಾಕು!"

ಗಲ್ಫಿನ ಮೇಲ್ವಿಚಾರಣೆ

ತಂದೆ ದುಬೈಯಲ್ಲಿ. ನಾನು ಏನು ಕಲಿಸುತ್ತೇನೆಂದು ನೋಡಲು ವಿಡಿಯೋ ಕಾಲ್. ಬೆಲ್ಲದ ಡಬ್ಬಕ್ಕೆ ಒರಗಿದ ಫೋನಿನಿಂದ ಒಂದು ದಿನ ಗುಡುಗಿದರು: "ಹತ್ತನೇ ಕ್ಲಾಸಿನವಳಿಗೆ ಭಿನ್ನರಾಶಿ ಎಂತಕ್ಕೆ ಟೀಚರ್? ಪರೀಕ್ಷೆಗೆ ಬರುವುದನ್ನು ಮಾತ್ರ ಹೇಳಿಕೊಡಿ."

"ಅವಳು ಎಡವುವುದು ಅಲ್ಲೇ. ಅದು ಸರಿಯಾಗದೆ ಮುಂದಿನದ್ದು ಬರುವುದಿಲ್ಲ."

"ಅದರಲ್ಲಿ ಎಡವ್ಲಿಕ್ಕೆ ಎಂತ ಉಂಟು? ನನಗೊಂದು ಕೊಡಿ ನೋಡುವ."

ಕೊಟ್ಟೆ. ಪರದೆಯಲ್ಲಿ ಅವರ ಮುಖ ಅಲುಗಲಿಲ್ಲ. ಕೊನೆಗೆ ತುಟಿ ಮಾತ್ರ ಆಡಿಸುತ್ತ, "ನೆಟ್ ಹೋಯ್ತು ಟೀಚರ್, ಎಂತದೂ ಕಾಣುದಿಲ್ಲ," ಎಂದರು. ಅವರ ತಲೆಯ ಮೇಲೆ ಫ್ಯಾನು ಗಿರಗಿರನೆ ತಿರುಗುತ್ತಲೇ ಇತ್ತು.

ಮರುದಿನದಿಂದ ಅವರೂ ಪೆನ್ನು ಹಿಡಿದು ಕೂತರು. "ಸ್ವಲ್ಪ ಮೆಲ್ಲ ಹೇಳಿ ಟೀಚರ್. ಅವಳಿಗೆ ಅರ್ಥ ಆಗ್ಲಿಲ್ಲ!"

ಫಲಿತಾಂಶ

ಫಲಿತಾಂಶದ ದಿನ ನನ್ನ ಎದೆ ಹುಡುಗಿಯದ್ದಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ತಾಯಿ ಅಡುಗೆಮನೆಯಲ್ಲಿ ಅಡಗಿದ್ದರು, ತಂದೆ ಬೆಲ್ಲದ ಡಬ್ಬಕ್ಕೆ ಒರಗಿದ್ದರು, ವೆಬ್‌ಸೈಟು ತೆರೆಯಲೊಲ್ಲದು. ಕಡೆಗೂ ತೆರೆಯಿತು.

ಗಣಿತದಲ್ಲಿ ಎ ಪ್ಲಸ್! ನಾನು ಕುಣಿದೇಬಿಟ್ಟೆ. ಇನ್ನು ಸೀಟಿಗೆ ಹೆದರಿಕೆಯಿಲ್ಲ. ಅಜ್ಜಿ ಹಾಕಿದ ಬೊಬ್ಬೆಗೆ ಆಚೆಮನೆಯಾಕೆ ಓಡಿ ಬಂದರು.

"ಗಣಿತದಲ್ಲೂ ಎ ಪ್ಲಸ್ಸಾ? ಹೇಗೆ?"

"ಅವಳೇ ಓದಿದ್ದು..." ಎಂದು ತಾಯಿ ಶುರು ಮಾಡುವಷ್ಟರಲ್ಲಿ ಹುಡುಗಿ ನನ್ನನ್ನು ಅಪ್ಪಿಕೊಂಡು, "ಇವರು ಕಲಿಸಿದ್ದು!" ಎಂದು ಕಿರುಚಿದಳು.

ಆಚೆಮನೆಯಾಕೆ ನನ್ನನ್ನೂ ನನ್ನ ಕುತ್ತಿಗೆಯ ಟೇಪನ್ನೂ ನೋಡಿ, ಸರಸರನೆ ಹೊರಟುಹೋದರು. "ಹೋಯ್ತು ಟೀಚರ್, ಇನ್ನು ಊರಿಡೀ ಹೇಳ್ತಾಳೆ," ಎಂದು ತಾಯಿ ತಲೆಯ ಮೇಲೆ ಕೈಹೊತ್ತರು.

ಮರುದಿನ ಬೆಳಿಗ್ಗೆ ಚಾ ಕುಡಿಯುವ ಮೊದಲೇ ನನ್ನ ಮನೆಯಂಗಳದಲ್ಲಿ ಅದೇ ಆಚೆಮನೆಯಾಕೆ. ಕಂಕುಳಲ್ಲಿ, ಮದುವೆ ಮುಗಿದರೂ ಹೊಲಿಯದೆ ಉಳಿದ ಅದೇ ಬ್ಲೌಸಿನ ಬಟ್ಟೆ. ಅವರ ಹಿಂದೆ ಇನ್ನೂ ಮೂವರು ಹೆಂಗಸರು, ಎಲ್ಲರ ಕೈಯಲ್ಲೂ ಬಟ್ಟೆಯ ಕಟ್ಟು.

"ನನಗೆ ಹೊಲಿಗೆ ಬರುವುದಿಲ್ಲ. ನಿನ್ನೆ ಗೊತ್ತಾಯಿತಲ್ಲ?" ಎಂದೆ.

"ಗೊತ್ತುಂಟು," ಎಂದು ಆಕೆ ಸೆರಗಿನ ಹಿಂದಿನಿಂದ ಒಂಬತ್ತನೇ ಕ್ಲಾಸಿನ ಮಗಳನ್ನು ಮುಂದಕ್ಕೆ ತಳ್ಳಿ, ದನಿ ತಗ್ಗಿಸಿದರು. "ಬ್ಲೌಸ್ ನಿಧಾನಕ್ಕೆ ಆಗ್ಲಿ. ಮೊದಲು ಇವಳದ್ದು ಅಳತೆ ತೆಗೀರಿ, ಗಣಿತದಲ್ಲಿ. ಆದ್ರೆ ಯಾರಿಗೂ ಹೇಳ್ಬೇಡಿ ಆಯ್ತಾ!"

ಹಿಂದಿದ್ದ ಮೂವರೂ ಒಟ್ಟಿಗೆ, "ನಮ್ಮದೂ ಹೇಳ್ಬೇಡಿ!" ಎಂದರು.