ಅಮ್ಮನ ಎಡೆಗೆ ಹಸಿರು ಉಂಡೆ

ನನಗೊಂದು ಕೆಟ್ಟ ಅಭ್ಯಾಸ ಇದೆ. ಯಾರು ಏನು ಕೊಟ್ಟರೂ ಮೊದಲು ಎರಡು ಸಲ ಬೇಡ ಅನ್ನುತ್ತೇನೆ. ಹೊಟ್ಟೆ ಚುರುಗುಟ್ಟುತ್ತಿದ್ದರೂ ಅಷ್ಟೇ. ಇದು ನನ್ನೊಬ್ಬನ ಕಾಯಿಲೆ ಅಲ್ಲ, ತಿಪಟೂರಿನ ನಮ್ಮ ಬೀದಿಯಲ್ಲೆಲ್ಲ ಇದೇ ಕಾನೂನು. ಮನೆಗೆ ಬಂದವರು "ಈಗ ತಾನೇ ಕಾಫಿ ಕುಡ್ಕೊಂಡ್ ಬಂದೆ" ಅನ್ನಬೇಕು. ಮನೆಯವರು "ಅರ್ಧ ಲೋಟ" ಅನ್ನಬೇಕು. ಬಂದವರು "ಅಯ್ಯೋ, ಬೇಡಿ ಬೇಡಿ" ಅನ್ನಬೇಕು. ಮೂರನೇ ಸಲಕ್ಕೆ ಮನೆಯವರು ಬೈಯಬೇಕು. "ಸುಮ್ನೆ ಕುಡೀರಿ, ನಾವೇನ್ ಹೊರಗಿನವ್ರಾ?" ಆ ಬೈಗುಳ ಕಿವಿಗೆ ಬಿದ್ದ ಮೇಲೆ ಕುಡಿದರೇ ಕಾಫಿಗೆ ರುಚಿ. ಮೊದಲ ಸಲಕ್ಕೇ ಕೈ ಚಾಚಿದವನನ್ನು ನಮ್ಮ ಬೀದಿಯಲ್ಲಿ ಹಸಿದು ಬಂದವನು ಅನ್ನುತ್ತಿದ್ದರು. ಮೂರನೇ ಸಲ ಕೇಳದವರನ್ನು ಏನನ್ನುತ್ತಿದ್ದರು ಎಂಬುದನ್ನು ಬರೆಯಲಾರೆ.

ಇಂಥ ಅಭ್ಯಾಸ ಇಟ್ಟುಕೊಂಡವನು ಜಪಾನಿಗೆ ಹೋಗಬಾರದಿತ್ತು. ಹೋದೆ. ನಾನು ಎಲ್ಲ ವಿಷಯದಲ್ಲೂ ತಡ. ಚಿಕ್ಕಂದಿನಲ್ಲಿ ಮೈ ಹುಷಾರಿಲ್ಲದೆ ಒಂಬತ್ತನೇ ವಯಸ್ಸಿಗೆ ಶಾಲೆ ಸೇರಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೋದಾಗ ನನ್ನ ಮೀಸೆ ನೋಡಿ ಪರೀಕ್ಷೆ ಕಾಯಲು ಬಂದ ಮೇಷ್ಟ್ರು "ಬನ್ನಿ ಸಾರ್, ನಿಮ್ದು ಯಾವ ರೂಮು?" ಎಂದು ಕೇಳಿದ್ದರು. ಮೂವತ್ತೆರಡಕ್ಕೆ ಕಂಪ್ಯೂಟರ್ ಕ್ಲಾಸು. ಎರಡೇ ಬೆರಳಲ್ಲಿ ಟೈಪ್ ಮಾಡುತ್ತಿದ್ದೆ, ಈಗಲೂ ಎರಡೇ. ಆದರೆ ಆಗ ಎರಡು ಸಾವಿರದ ಇಸವಿ ಹತ್ತಿರ ಬರುತ್ತಿತ್ತು. ಕಂಪ್ಯೂಟರುಗಳು ಇಸವಿಯ ಕೊನೆಯ ಎರಡಂಕಿ ಮಾತ್ರ ನೆನಪಿಟ್ಟುಕೊಂಡಿವೆ, ಎರಡು ಸೊನ್ನೆ ಬಂದ ಕೂಡಲೇ ನೂರು ವರ್ಷ ಹಿಂದಕ್ಕೆ ಹೋಗಿ ಕೂರುತ್ತವೆ ಎಂದು ಲೋಕಕ್ಕೆಲ್ಲ ಭಯ. ಆ ಭಯದಲ್ಲಿ ಬೆಂಗಳೂರಿನ ಕಂಪನಿಗಳು ಸಿಕ್ಕಸಿಕ್ಕವರನ್ನೆಲ್ಲ ವಿಮಾನ ಹತ್ತಿಸಿದವು. ನಾನೂ ಸಿಕ್ಕೆ. ಯೋಕೋಹಾಮಾದಲ್ಲಿ ಒಂದು ಕೋಣೆಯ ಮನೆ, ಶಿನಾಗಾವಾದಲ್ಲಿ ಆಫೀಸು. ಪ್ರೋಗ್ರಾಮು ಅಚ್ಚಾದ ಹಾಳೆಗಳನ್ನು ಒಂದೊಂದಾಗಿ ನೋಡಿ, ಇಸವಿ ಎರಡಂಕಿ ಇರುವ ಕಡೆಯೆಲ್ಲ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯುವುದು ಕೆಲಸ. ಇದಕ್ಕೆ ಬೆರಳು ಓಡಬೇಕಾಗಿಲ್ಲ, ತಾಳ್ಮೆ ಇದ್ದರೆ ಸಾಕು. ಕಾಲದಲ್ಲಿ ಹಿಂದೆ ಬೀಳುವ ಯಂತ್ರಗಳ ಮೇಲೆ ನನಗೆ ಒಂದಿಷ್ಟು ಮಮತೆಯೂ ಇತ್ತು.

ಹೋದ ನಾಲ್ಕನೇ ತಿಂಗಳು, ಜೂನಿನ ಒಂದು ಬೆಳಗ್ಗೆ, ಆಫೀಸಿಗೆ ನಮ್ಮ ಜಯಕ್ಕನ ಫೋನು ಬಂತು. "ನಾಗಾ, ಅಮ್ಮ ಹೋಗ್ಬಿಟ್ಲು ಕಣೋ."

ವಿಷಯ ತಿಳಿದು ನಮ್ಮ ವಿಭಾಗದ ಮುಖ್ಯಸ್ಥ ಓಕುಡಾ ಸಾನ್ (ಸಾನ್ ಅಂದರೆ ನಮ್ಮ 'ಅವರು' ಇದ್ದ ಹಾಗೆ) ನನ್ನ ಮೇಜಿನ ಹತ್ತಿರ ಬಂದರು. ಕೈ ಕಟ್ಟಿ ನಿಂತು, ಜೋಡಿಸಿಕೊಂಡು ಬಂದ ಇಂಗ್ಲಿಷಿನಲ್ಲಿ, "ನೀವು ಊರಿಗೆ ಹೋಗಬೇಕಲ್ಲವೆ?" ಎಂದು ಕೇಳಿದರು. ನಾನು "ಪರವಾಗಿಲ್ಲ, ಕೆಲಸ ಬಹಳ ಇದೆ" ಅಂದೆ. ಅವರು "ನಿಜವಾಗಿಯೂ?" ಅಂದರು. "ನಿಜವಾಗಿಯೂ, ಓಕುಡಾ ಸಾನ್" ಅಂದೆ. ಹಾಗನ್ನುವಾಗ ನನ್ನ ಎಡಗೈ ಮೇಜಿನ ಕೆಳಗೆ ಬ್ಯಾಗು ಹುಡುಕುತ್ತಿತ್ತು. ಮನಸ್ಸು ಆಗಲೇ ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದಿತ್ತು. ಇನ್ನೊಂದು ಸಲ ಕೇಳುತ್ತಾರೆ, ಬೈಯುತ್ತಾರೆ, ಎದ್ದು ಹೊರಡುವುದು. ಓಕುಡಾ ಸಾನ್ ಸೊಂಟದವರೆಗೆ ಬಗ್ಗಿದರು, ಹಾಗೇ ಬಹಳ ಹೊತ್ತು ನಿಂತರು, ನೆಟ್ಟಗಾಗಿ ತಮ್ಮ ಜಾಗಕ್ಕೆ ಹೋಗಿಬಿಟ್ಟರು.

ಅವರು ವಾಪಸು ಬಂದಾರು ಎಂದು ಸಂಜೆವರೆಗೆ ಕಾದೆ. ಬರಲಿಲ್ಲ. ಸಂಜೆಯ ಮೀಟಿಂಗಿನಲ್ಲಿ ನನ್ನ ಕರ್ತವ್ಯನಿಷ್ಠೆಯನ್ನು ಹೊಗಳಿದರು. ಹನ್ನೆರಡು ಜನ ಎದ್ದು ನನಗೆ ಬಗ್ಗಿದರು. ರಾತ್ರಿ ಅಕ್ಕ "ನಿನಗೆ ರಜಾ ಕೊಡಲಿಲ್ವೇನೋ?" ಎಂದು ಕೇಳಿದಾಗ ಇಲ್ಲ ಅಂದೆ. ಏನಂತ ಹೇಳಲಿ? ಅಮ್ಮನ ಮುಖ ನೋಡುವುದನ್ನು ನಾನೇ ಬೇಡ ಅಂದೆ ಎಂದೇ? "ಹೆತ್ತತಾಯಿ ಮಣ್ಣಿಗೂ ಕಳಿಸ್ಲಿಲ್ವಲ್ಲ ಆ ಜನ, ಅವರ ಮನೆಗೆ ಬೆಂಕಿ ಬೀಳ!" ಎಂದು ಜಯಕ್ಕ ಅತ್ತಳು. ಆ ಶಾಪ ಪಾಪದ ಓಕುಡಾ ಸಾನ್‌ಗೆ ತಟ್ಟಬಾರದು ಎಂದು ನಾನು ಇವತ್ತಿಗೂ ಬೇಡಿಕೊಳ್ಳುತ್ತೇನೆ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಒಂದು ತಿಂಡಿ ಅಂಗಡಿಯ ವಿಷಯ ಹೇಳಲಿಕ್ಕೆ. ಯೋಕೋಹಾಮಾದ ನಮ್ಮ ರೈಲ್ವೆ ಸ್ಟೇಷನ್ನಿನ ಪಕ್ಕದ ಅಂಗಡಿ ಸಾಲಿನಲ್ಲಿ, ಮುಚ್ಚಿಹೋದ ಒಂದು ಛತ್ರಿ ಅಂಗಡಿಯ ಮುಂದೆ, ಪ್ರತಿ ಶನಿವಾರ ಮಲೇಷಿಯಾದ ಹೆಂಗಸೊಬ್ಬರು ಮಡಚುವ ಮೇಜು ಹಾಕಿಕೊಂಡು ಅವರ ನಾಡಿನ ತಿಂಡಿ ಮಾರುತ್ತಿದ್ದರು. ಐವತ್ತೈದರ ಆಸುಪಾಸು, ತಲೆಗೆ ಹೂವಿನ ವಸ್ತ್ರ, ಗಂಡ ಜಪಾನಿನವರು. ಎಲ್ಲರೂ ಅವರನ್ನು ಮಕ್ ಚಿಕ್ ಅನ್ನುತ್ತಿದ್ದರು. ಅವರ ಭಾಷೆಯಲ್ಲಿ ಹಾಗಂದರೆ ಚಿಕ್ಕಮ್ಮ. ಮೇಜಿನ ತುದಿಯಲ್ಲಿ ಒಂದು ತಟ್ಟೆ, ಅದರಲ್ಲಿ ರುಚಿ ನೋಡಲು ಇಟ್ಟ ಚೂರುಗಳು, ಚೂರಿಗೊಂದು ಕಡ್ಡಿ. ಜಪಾನಿನವರು ಬಂದು, "ಸುಮಿಮಾಸೆನ್" ಎಂದು ಕ್ಷಮೆ ಕೇಳಿಕೊಂಡು ಒಂದು ಚೂರು ತಿಂದು, ಕಡ್ಡಿಯನ್ನು ಡಬ್ಬಿಗೆ ಹಾಕಿ ಹೋಗುತ್ತಿದ್ದರು.

ಅಮ್ಮ ಹೋಗಿ ಒಂದು ತಿಂಗಳಾಗಿರಬೇಕು. ನಾನು ಸುಮ್ಮನೆ ಹಾದುಹೋಗುತ್ತಿದ್ದೆ. ಮಕ್ ಚಿಕ್ ಒಂದು ಹಸಿರು ಉಂಡೆಯನ್ನು ಚಾಚಿದರು. "ಬೇಡ" ಅಂದೆ. "ಒಂದು" ಅಂದರು. "ಬೇಡ ಬೇಡ, ಈಗ ತಾನೇ ಊಟ ಆಯ್ತು" ಅಂದೆ. ಆಕೆ ಮೇಜು ಬಿಟ್ಟು ಈಚೆ ಬಂದು, ಕಣ್ಣು ಕೆಂಪಗೆ ಮಾಡಿ, "ಏನು ಊಟ ಮಾಡಿದೀಯ ನೀನು? ಮುಖ ನೋಡು! ತಿನ್ನು!" ಎಂದು ಅವರ ಇಂಗ್ಲಿಷಿನಲ್ಲಿ ಗದರಿದರು.

ತಿಂದೆ. ಉಂಡೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಳ್ಳಬೇಕಂತೆ, ಅದು ನನಗೆ ಗೊತ್ತಿರಲಿಲ್ಲ. ಅರ್ಧ ಕಚ್ಚಿದೆ. ಒಳಗಿದ್ದ ಬೆಲ್ಲದ ಪಾಕ ಪಿಚಕ್ಕನೆ ಹಾರಿ ನನ್ನ ಬಿಳಿ ಶರ್ಟಿನ ಮೇಲೆ ಕೂತಿತು. ಮೇಲೆ ಕಾಯಿತುರಿ, ಒಳಗೆ ಬೆಲ್ಲ, ನಡುವೆ ಅಕ್ಕಿ ಹಿಟ್ಟು. ಹಸಿರು ಬಣ್ಣ ಅವರ ಕಡೆಯ ಯಾವುದೋ ಎಲೆಯದ್ದು. ಅದೊಂದನ್ನು ಬಿಟ್ಟರೆ ನಮ್ಮ ಅಮ್ಮನ ಕಾಯಿಕಡುಬು. ನಾನು ಅಂಗಡಿ ಸಾಲಿನ ಮಧ್ಯೆ ಕಡ್ಡಿ ಹಿಡಿದುಕೊಂಡು ಅಳಲಿಕ್ಕೆ ಶುರು ಮಾಡಿದೆ. ಮಕ್ ಚಿಕ್ ಗಾಬರಿಯಾಗಿ ಇನ್ನೊಂದು ಉಂಡೆಯನ್ನು ತಾವೇ ತಿಂದು ನೋಡಿ, "ಖಾರ ಇಲ್ಲವಲ್ಲ ಇದರಲ್ಲಿ!" ಅಂದರು.

ಆಮೇಲೆ ಶನಿವಾರ ತಪ್ಪಿಸಲಿಲ್ಲ. ನಾನು ಎರಡು ಸಲ ಬೇಡ ಅನ್ನುವುದು, ಆಕೆ ಮೂರನೇ ಸಲ ಬೈಯುವುದು. ನಮ್ಮ ಹಾಲುಬಾಯಿಯ ಹಾಗೆ ನಡುಗುವ, ಬಿಳಿ ಮತ್ತು ಗುಲಾಬಿ ಪದರದ ಬಿಲ್ಲೆಯನ್ನು ಪದರ ಪದರವಾಗಿ ಸುಲಿದು ತಿನ್ನಲು ಕಲಿಸಿದರು. ಕಾಯಿಬೆಲ್ಲ ಸುತ್ತಿದ ಹಸಿರು ದೋಸೆ ಕೊಟ್ಟರು. ಒತ್ತುಶಾವಿಗೆ ಕೊಟ್ಟು "ಇದು ನಿಮ್ಮ ಕಡೆಯಿಂದಲೇ ನಮಗೆ ಬಂದದ್ದು" ಅಂದರು. ಆಲೂಗಡ್ಡೆ ಪಲ್ಯ ತುಂಬಿ ಕರಿದ, ಅಂಚು ಹೆಣೆದ ಕಡುಬೂ ಇತ್ತು. ಅದು ಮಾತ್ರ ಖಾರ. ನನಗೆ ಖಾರ ಆಗದು, ಅದನ್ನು ಮಾತ್ರ ಮೂರು ಸಲವೂ ಬೇಡ ಅನ್ನುತ್ತಿದ್ದೆ.

ಅಷ್ಟರಲ್ಲಿ ಹಿರಿಯರ ಹಬ್ಬ ಬಂತು. ನಮ್ಮಲ್ಲಿ ಪಿತೃಪಕ್ಷದ ಅಮಾವಾಸ್ಯೆಗೆ, ಹೋದವರಿಗೆ ಎಡೆ ಇಡುತ್ತೇವೆ. ಅವರಿಗೆ ಏನು ಇಷ್ಟವೋ ಅದನ್ನೇ ಇಡಬೇಕು. ನಮ್ಮ ಅಜ್ಜನ ಎಡೆಗೆ ಬೀಡಿ ಕಟ್ಟು ಮತ್ತು ಬೆಂಕಿಪೊಟ್ಟಣ ಇಡುತ್ತಿದ್ದೆವು, ಪೊಟ್ಟಣ ಮರೆತ ವರ್ಷ ಅಜ್ಜಿ ಊಟ ಮಾಡಲಿಲ್ಲ. ಮಣ್ಣಿಗಂತೂ ಹೋಗಲಿಲ್ಲ, ಮೊದಲ ಎಡೆಯನ್ನಾದರೂ ಅಮ್ಮನಿಗೆ ಸರಿಯಾಗಿ ಇಡಬೇಕು ಎಂದು ನಾನು ನಿಶ್ಚಯ ಮಾಡಿದ್ದೆ. ಆ ವರ್ಷ ನನಗೆ ಬೇಕಾಗಿದ್ದುದು ಅದೊಂದೇ. ಜಯಕ್ಕನಿಗೆ ಫೋನು ಮಾಡಿ, "ಅಕ್ಕಾ, ಅಮ್ಮನಿಗೆ ಕಾಯಿಕಡುಬು ಇಷ್ಟ ಅಲ್ವಾ, ಅದೇ ಥರದ್ದು ಒಂದು ಸಿಗುತ್ತೆ ಇಲ್ಲಿ, ಇಡ್ತೀನಿ" ಅಂದೆ.

"ಕಾಯಿಕಡುಬಾ? ಅದು ನಿನಗಿಷ್ಟ ಕಣೋ."

"ಅಮ್ಮ ಪ್ರತಿ ಹಬ್ಬಕ್ಕೂ ಮಾಡ್ತಿದ್ಲಲ್ಲ?"

"ನೀನು ತಿಂತೀಯಾ ಅಂತ ಮಾಡ್ತಿದ್ಲು. ಅವಳು ತಿಂದದ್ದು ನೋಡಿದ್ದೀಯಾ?"

ಯೋಚಿಸಿದೆ. "ಹಾಗಾದ್ರೆ ಅವಳಿಗೇನು ಇಷ್ಟ?"

 

"ನಂಗೂ ಗೊತ್ತಿಲ್ಲ ಕಣೋ," ಅಂದಳು ಜಯಕ್ಕ. "ನಾವೆಲ್ಲ ಎದ್ದ ಮೇಲೆ ಒಲೆ ಕಡೆ ಮುಖ ಮಾಡ್ಕೊಂಡ್ ಕೂತು ತಿಂತಿದ್ಲು. ಏನ್ ತಿಂತಿದ್ಲೋ. 'ನಿಂಗೆ ಬೇಡ್ವೇನಮ್ಮ' ಅಂದ್ರೆ 'ನಂಗ್ ಬೇಡ, ನೀವ್ ತಿನ್ನಿ' ಅಂತಿದ್ಲು. ತಿಂದ್ಬಿಡ್ತಿದ್ವಿ."

ಇಡೀ ಬೀದಿಯಲ್ಲಿ ಬಂದವರನ್ನೆಲ್ಲ ಮೂರು ಸಲ ಕೇಳಿದ ಮನೆ ನಮ್ಮದು.

ಕೊನೆಗೆ ಅಕ್ಕನೇ ದಾರಿ ಹೇಳಿದಳು. "ಅಲ್ಲಿ ಏನೇನು ಸಿಗುತ್ತೋ ಎಲ್ಲ ಒಂದೊಂದು ಇಡು. ಅವಳೇ ಆರಿಸ್ಕೊಳ್ಳಲಿ."

ಪುಣ್ಯಕ್ಕೆ ಅಮಾವಾಸ್ಯೆ ಶನಿವಾರವೇ ಬಂದಿತ್ತು. ಬೆಳಗ್ಗೆಯೇ ಮಕ್ ಚಿಕ್ ಹತ್ತಿರ ಹೋಗಿ ಎಲ್ಲ ಬಗೆಯದ್ದೂ ಬೇಕು, ಖಾರದ ಕಡುಬೂ ಬೇಕು, ತೀರಿಹೋದ ನಮ್ಮ ತಾಯಿಗೆ ಅಂದೆ. ಆಕೆ ಕಡ್ಡಿಗೆ ಒಂದು ಚೂರು ಚುಚ್ಚಿದರು. ಎಡೆಗೆ ಮುಂಚೆ ನಾನು ತಿನ್ನುವ ಹಾಗಿಲ್ಲ ಅಂದೆ. ಆವತ್ತು ಆಕೆ ಮೊದಲನೇ ಮಾತಿಗೇ ಒಪ್ಪಿಕೊಂಡು ಚೂರನ್ನು ತಟ್ಟೆಗೆ ಹಾಕಿದರು. ಆಮೇಲೆ ಪೊಟ್ಟಣ ಕಟ್ಟುತ್ತಾ, ತಲೆ ಎತ್ತದೆ, ಹಸಿರು ಉಂಡೆ ಎರಡು ಜಾಸ್ತಿ ಹಾಕಿದರು.

ಮನೆಯಲ್ಲಿ ಅಕ್ಕಿ ಬೇಯಿಸುವ ಕುಕ್ಕರಿಗೆ ಅಮ್ಮನ ಫೋಟೋ ಒರಗಿಸಿ, ಮುಂದೆ ಕಾಗದದ ತಟ್ಟೆಯಲ್ಲಿ ಎಲ್ಲವನ್ನೂ ಜೋಡಿಸಿದೆ. ಅಲ್ಲಿಯ ಊದುಬತ್ತಿ ಹಚ್ಚಿದೆ. ಇನ್ನು ಪದ್ಧತಿಯ ಪ್ರಕಾರ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಬೇಕು. ಹಿರಿಯರು ನಾಚಿಕೊಳ್ಳದೆ ತಿನ್ನಲಿ ಎಂದು. ತಿಪಟೂರಿನಲ್ಲಿ ನಡುಮನೆ ಬಾಗಿಲು ಹಾಕಿ ಜಗುಲಿಯಲ್ಲಿ ಕೂತಿದ್ದು, ಆಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುತ್ತಿದ್ದೆವು. ಇಲ್ಲಿ ಇರುವುದೇ ಒಂದು ಕೋಣೆ. ಕಾಲುಚೀಲದಲ್ಲೇ ಹೊರಗಿನ ಮೊಗಸಾಲೆಗೆ ಬಂದು ಬಾಗಿಲೆಳೆದುಕೊಂಡು ಗೋಡೆಗೆ ಒರಗಿ ನಿಂತೆ.

ಪಕ್ಕದ ಮನೆಯ ಕಿಮುರಾ ಸಾನ್ ತರಕಾರಿ ಚೀಲ ಹಿಡಿದುಕೊಂಡು ಬಂದರು. ಎಪ್ಪತ್ತು ದಾಟಿದ ಅಜ್ಜಿ, ಒಬ್ಬರೇ ಇರುವವರು. ನನ್ನ ಕಾಲುಚೀಲ ನೋಡಿದರು. "ಬೀಗದ ಕೈ ಒಳಗೆ ಉಳೀತಾ? ಮ್ಯಾನೇಜರನ್ನು ಕರೆಯಲಾ?"

"ಇಲ್ಲ, ಇಲ್ಲ" ಎಂದು ನನಗೆ ಬರುವ ನಾಲ್ಕು ಜಪಾನೀ ಶಬ್ದಗಳನ್ನು ಜೋಡಿಸಿದೆ. "ನಮ್ಮಮ್ಮ. ಒಳಗೆ. ತಿನ್ನುತ್ತಾ ಇದ್ದಾರೆ."

"ಓ! ತಾಯಿ ಇಂಡಿಯಾದಿಂದ ಬಂದಿದ್ದಾರಾ!" ಎಂದು ಮುಖ ಅರಳಿಸಿದವರು ಅಲ್ಲೇ ನಿಂತರು. ಬಾಗಿಲ ಸಂದಿಯಿಂದ ಊದುಬತ್ತಿಯ ವಾಸನೆ ಬರುತ್ತಿತ್ತು. ಅವರ ಮನೆಯಿಂದಲೂ ದಿನಾ ಬೆಳಗ್ಗೆ ಅದೇ ವಾಸನೆ, ಗಂಡನ ಫೋಟೋದ ಮುಂದೆ ಹಚ್ಚಿದ್ದು. ಚೀಲ ಕೆಳಗಿಟ್ಟು, ನನ್ನ ಬಾಗಿಲಿಗೆ ಬಗ್ಗಿ ನಮಸ್ಕಾರ ಮಾಡಿದರು. ಆಮೇಲೆ ದನಿ ತಗ್ಗಿಸಿ, ನನಗೆ ಅರ್ಥವಾಗಲಿ ಎಂದು ಕೈಸನ್ನೆ ಮಾಡುತ್ತಾ ಕೇಳಿದರು, "ನೀವು ಯಾಕೆ ಹೊರಗಿದ್ದೀರಿ? ನಾವು ಜೊತೆಗೇ ಕೂತು ತಿಂತೀವಿ. ಒಬ್ಬರೇ ತಿನ್ನೋಕೆ ಅವರಿಗೆ ಬೇಜಾರಾಗಲ್ವಾ?"

ನಮ್ಮಲ್ಲಿ ಪದ್ಧತಿ ಹೀಗೆ, ಅಮ್ಮನಿಗೆ ಒಬ್ಬಳೇ ತಿಂದು ಅಭ್ಯಾಸ ಎಂದು ಹೇಳಬಹುದಿತ್ತು. ಹೇಳಲು ಶಬ್ದ ಹುಡುಕಿದೆ, ಹುಡುಕುತ್ತಾ ಹುಡುಕುತ್ತಾ ಅದು ಹೇಳುವ ಮಾತಲ್ಲ ಅನ್ನಿಸಿತು. ಕಿಮುರಾ ಸಾನ್ ಚೀಲ ಎತ್ತಿಕೊಂಡು ತಮ್ಮ ಮನೆಗೆ ಹೋದರು. ನಾನು ಇನ್ನೂ ಐದು ನಿಮಿಷ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಕೆಮ್ಮದೆ, ಬಾಗಿಲು ತಟ್ಟದೆ ಒಳಗೆ ಹೋಗಿ ಅಮ್ಮನ ಎದುರಿಗೆ ಕೂತೆ. ನಮ್ಮ ವಂಶದಲ್ಲಿ ಹಿರಿಯರು ತಿನ್ನುವಾಗ ಬಾಗಿಲು ತೆಗೆದವನು ನಾನೇ ಮೊದಲಿರಬೇಕು.

ಯಾವುದನ್ನು ಮುಟ್ಟಿದ್ದಾಳೆ ಎಂದು ತಟ್ಟೆಯನ್ನು ನೋಡಿದೆ. ಎಲ್ಲ ಇಟ್ಟ ಹಾಗೇ ಇತ್ತು. ಸರಿ, ಒಂದೊಂದಾಗಿ ನಾನೂ ತಿಂದು ನೋಡುತ್ತೇನೆ, ಇದು ಇಷ್ಟವೋ ಅದು ಇಷ್ಟವೋ ಎಂದು ಅವಳ ಮುಖ ನೋಡುತ್ತಾ ತಿಂದರೆ ಗೊತ್ತಾದೀತು ಅಂದುಕೊಂಡೆ. ಕೆಂಪು ಪೆನ್ಸಿಲ್ ಹಿಡಿದು ಹಾಳೆ ನೋಡಿದಷ್ಟೇ ಶ್ರದ್ಧೆಯಿಂದ ಕೂತು ತಿಂದೆ. ಏನೇನೋ ಮಾತಾಡಿದೆ, ಓಕುಡಾ ಸಾನ್ ತಪ್ಪಿಲ್ಲ ಎಂಬುದನ್ನೂ ಹೇಳಿದೆ. ಕತ್ತಲಾಗುವ ಹೊತ್ತಿಗೆ ತಟ್ಟೆ ನೋಡಿದರೆ ಹಸಿರು ಉಂಡೆ ಮೂರೂ ಇರಲಿಲ್ಲ, ಕಾಯಿಬೆಲ್ಲದ ದೋಸೆ ಇರಲಿಲ್ಲ, ಒತ್ತುಶಾವಿಗೆ, ಪದರದ ಬಿಲ್ಲೆ ಚೂರೂ ಉಳಿದಿರಲಿಲ್ಲ. ನನಗೆ ಬೇಡವಾದ ಖಾರದ ಕಡುಬೊಂದು ಅಮ್ಮನ ಮುಂದೆ ಕೂತಿತ್ತು.